ತಾಂಡಾದಿಂದ ಬಂದ ತಮ್ಮ

ನನ್ನ ತಮ್ಮನಿಗೆ ಕನ್ನಡ ಕಲಿಸುವ ಕೆಲಸವನ್ನು ಮನೆಯವರೂ ಶಾಲೆಯವರೂ ನನಗೆ ಒಪ್ಪಿಸಿದ್ದರು. ನಾನು ಕಲಿಸಲಿಲ್ಲ. ಬರುತ್ತಿರಲಿಲ್ಲವೆಂದಲ್ಲ. ಅವನ ಮಾತೂ ನಮ್ಮ ಮಾತೂ ಎರಡೂ ತಿಳಿಯುತ್ತಿದ್ದವಳು ನಮ್ಮ ಮನೆಯಲ್ಲಿ ನಾನೊಬ್ಬಳೇ. ಅವನಿಗೆ ತಲೆ ಇರಲಿಲ್ಲವೆಂದೂ ಅಲ್ಲ. ಕೇಳಿದ್ದನ್ನು ಹಿಡಿದುಕೊಳ್ಳುವ ಚುರುಕು ನನಗಿಂತ ಅವನಿಗೇ ಹೆಚ್ಚಿತ್ತು. ಬೇಕೆಂದೇ ಕಲಿಸಲಿಲ್ಲ, ಅಷ್ಟೇ ಅಲ್ಲ, ಅವನು ತಾನಾಗಿ ಕಲಿಯದಂತೆಯೂ ನೋಡಿಕೊಂಡೆ. ಈಗ ಸುತ್ತಲಿನ ಊರವರು ಅವನನ್ನು ಮೂಗ ಅಡಿವೆಪ್ಪ ಎನ್ನುತ್ತಾರೆ. ಅವನು ಮೂಗನಲ್ಲ. ಮಾತು ಕಮ್ಮಿ ಎಂದು ಅವನ ಹೆಂಡತಿ ಹೇಳುತ್ತಾಳೆ. ಮಾತು ಹೇಗೆ ಕಮ್ಮಿಯಾಯಿತು ಎಂಬುದು ನನಗೆ ಗೊತ್ತು. ನಾನು ನಾಲ್ಕನೆಯ ಇಯತ್ತೆ ಮುಗಿಸದವಳು, ಬರೆಯುವುದು ನಿಧಾನ. ಆದರೂ ಇದನ್ನು ನಾನೇ ಬರೆಯಬೇಕು. ಬೇರೆಯವರಿಗೆ ಹೇಳಿ ಬರೆಸಿದರೆ ಅವರು ನನ್ನನ್ನು ಸ್ವಲ್ಪ ಒಳ್ಳೆಯವಳನ್ನಾಗಿ ಮಾಡಿಬಿಡುತ್ತಾರೆ.

ನಮ್ಮೂರು ಸೂಡಿಯಿಂದ ಆಚೆ, ಎರೆಹೊಲಗಳ ನಡುವೆ. ಮನೆ ಉದ್ದಕ್ಕೆ ಒಂದರ ಹಿಂದೆ ಒಂದು ಕಟ್ಟಿದ್ದು. ಬಾಗಿಲು ದಾಟಿದರೆ ಮೊದಲು ದನಗಳು, ಅವುಗಳಿಗೆ ಮೇವು ಹಾಕುವ ಗ್ವಾದಲಿ. ಅಲ್ಲಿಂದ ಮೆಟ್ಟಿಲು ಹತ್ತಿದರೆ ಪಡಸಾಲೆ. ಅದರ ಹಿಂದೆ ಅಡಿಗೆಮನೆ, ಅದರದೇ ಒಂದು ಮೂಲೆಯಲ್ಲಿ ದೇವರ ಜಗಲಿ. ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಆ ಬೆಳಕು ಎಲ್ಲಿ ಬೀಳುತ್ತಿತ್ತೋ ಅಲ್ಲಿ ಆಯಿ ಕೂಡುತ್ತಿದ್ದಳು. ಆಯಿ ಎಂದರೆ ಅಪ್ಪನ ಅವ್ವ. ಅವಳು ಕುಳಿತಲ್ಲಿಂದ ಮುಂದೆ ದನಗಳು, ಹಿಂದೆ ಒಲೆ, ಪಕ್ಕದಲ್ಲಿ ಅವ್ವ ಮಲಗುವ ಕೋಣೆ ಎಲ್ಲವೂ ಕಾಣುತ್ತಿದ್ದವು. ಅವ್ವ ಯಾವಗಲ್ ಎಂಬ ಊರಿನವಳು, ಮೆತ್ತಗಿನ ಹೆಂಗಸು, ಬಾಣಂತನಗಳಲ್ಲಿ ಬಡವಾಗಿ ಹಾಸಿಗೆ ಹಿಡಿದಿದ್ದಳು. ನನ್ನ ಬೆನ್ನಿಗೆ ಹುಟ್ಟಿದ ಗಂಡುಕೂಸುಗಳು ಒಂದೂ ಉಳಿದಿರಲಿಲ್ಲ. ಹಾಗಾದ ಮನೆಗಳಲ್ಲಿ ಮುಂದೆ ಗಂಡು ಹುಟ್ಟಿದರೆ ಅದನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲ ಹೊರಗಿಡುವುದು ನಮ್ಮ ಮನೆತನದ ರೂಢಿ. ಬೇರೆ ಜನದ ಹೆಂಗಸೊಬ್ಬಳು ಒಂದು ಬೊಗಸೆ ತೌಡು ಕೊಟ್ಟು ಅದನ್ನು ಕೊಂಡುಕೊಂಡಂತೆ ಮಾಡುತ್ತಾಳೆ, ಮರುಗಳಿಗೆಗೆ ಮನೆಯವರು ಜೋಳ ಕೊಟ್ಟು ಬಿಡಿಸಿಕೊಳ್ಳುತ್ತಾರೆ. ಕೂಸು ಈ ಮನೆಯದಲ್ಲ ಎಂದು ಸಾವಿಗೆ ಮೋಸ ಮಾಡುವ ಉಪಾಯ ಅದು. ಎಲ್ಲರೂ ಮರುಗಳಿಗೆಗೆ ಬಿಡಿಸಿಕೊಂಡರೆ ನಮ್ಮ ಆಯಿ ಬಿಡಿಸಿಕೊಳ್ಳಲಿಲ್ಲ. ಅವಳು ಯಾರನ್ನೋ ಕೇಳಿಕೊಂಡು ಬಂದಿದ್ದಳು: ಹಾಲುಹಲ್ಲು ಬೀಳುವತನಕ ಇವನು ಈ ಸೂರಿನ ಕೆಳಗೆ ಬರಕೂಡದು. ಅವ್ವನಿಗೆ ಹಾಲೂ ಇರಲಿಲ್ಲ. ನಮ್ಮ ಹೊಲದ ಬದುವಿಗೆ ಹತ್ತಿದ ತಾಂಡಾದಲ್ಲಿ ಚಾಂದಿಬಾಯಿ ಎಂಬ ಲಂಬಾಣಿ ಹೆಂಗಸು ತನ್ನ ಕೂಸನ್ನು ಕಳೆದುಕೊಂಡು ಹಾಲು ತುಂಬಿದ ಎದೆ ಹೊತ್ತು ಕುಳಿತಿದ್ದಳು. ಅವಳು ಮೊರ ಎತ್ತಿಕೊಂಡು ಹೋದಳು. ಅವ್ವನನ್ನು ಯಾರೂ ಕೇಳಲಿಲ್ಲ. ಕೂಸಿಗೆ ಅಡಿವೆಪ್ಪ ಎಂದು ಹೆಸರಿಟ್ಟದ್ದು ಆಯಿಯೇ, ಅಡವಿಯ ಪಾಲಿಗೆ ಬಿಟ್ಟವನು ಎಂಬ ಅರ್ಥದಲ್ಲಿ.

ಅವನ ಪಾಲಿನ ಕಾಳು, ಬೆಲ್ಲ, ಆಗಾಗ ಒಂದು ಅಂಗಿ, ಇವನ್ನು ತಾಂಡಾಕ್ಕೆ ಮುಟ್ಟಿಸುವುದು ನನ್ನ ಪಾಲಿಗೆ ಬಂತು. ಅಪ್ಪ ಹೊಲಕ್ಕೆ ಹೋಗುವ ಚಕ್ಕಡಿಯಲ್ಲಿ ನನ್ನನ್ನು ಕೂಡಿಸಿಕೊಂಡು ಹೋಗುತ್ತಿದ್ದ. ಸಂಜೆ ಹೊಲದಿಂದ ತಿರುಗುವವರೆಗೆ ನಾನು ತಾಂಡಾದಲ್ಲೇ ಇರುತ್ತಿದ್ದೆ. ಅಲ್ಲಿ ಅವನು ಚಾಂದಿಬಾಯಿಯನ್ನು ಯಾಡಿ ಎನ್ನುತ್ತಿದ್ದ. ಯಾಡಿ ಎಂದರೆ ಅವರ ಮಾತಿನಲ್ಲಿ ಅವ್ವ. ರೊಟ್ಟಿಗೆ ಬಾಟಿ, ನೀರಿಗೆ ಪಾಣಿ. ಅವನೊಂದಿಗೆ ಆಡುತ್ತ ಆಡುತ್ತ ಆ ಮಾತು ನನಗೂ ಬಂತು, ಕಲಿತದ್ದು ಯಾವಾಗ ಎಂದು ನೆನಪಿಲ್ಲ. ಅವನಿಗೆ ನಾನು ಅಕ್ಕ ಎಂದು ಗೊತ್ತಿತ್ತು. ಇನ್ನೊಂದು ಮನೆ ಇದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಮುಂದಿನ ಹಲ್ಲು ಬಿದ್ದ ಸುದ್ದಿ ಬಂದ ಮೇಲೆ ಆಯಿ ಅವನನ್ನು ಕರೆಸಿಕೊಂಡಳು. ಚಾಂದಿಬಾಯಿಗೆ ಕಟ್ಟೆಯ ಮೇಲೆಯೇ ಒಂದು ಸೀರೆ ಕೊಟ್ಟು, ಅಲ್ಲಿಂದಲೇ ಕಳಿಸಿದರು. ಒಳಗೆ ಬಾ ಎನ್ನಲಿಲ್ಲ. ಅವಳು ಹೋದದ್ದು ಹುಡುಗನಿಗೆ ಗೊತ್ತಾಗದಿರಲೆಂದು ಅವನನ್ನು ಹಿಂದಿನ ಬಚ್ಚಲಿಗೆ ಒಯ್ದು ಆಯಿ ತಾನೇ ಮೀಯಿಸಿದಳು. ಬೂದಿ ಹಚ್ಚಿ ಬಾಯಿ ತಿಕ್ಕಿಸಿದಳು. ಅವನ ಅಂಗಿಯನ್ನು ಒಲೆಗೆ ಹಾಕಿದಳು. ಬಚ್ಚಲಿನಿಂದ ಅವನು ಯಾಡಿ ಯಾಡಿ ಎಂದು ಅರಚುತ್ತಿದ್ದರೆ ಅವ್ವ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು. ಅವನು ಮೈ ಒರೆಸಿಕೊಂಡು ಹೊರಗೆ ಬಂದಾಗ ಅವ್ವ ಕೈ ಚಾಚಿದಳು. ಅವನು ನನ್ನ ಹಿಂದೆ ಬಂದು ಅಡಗಿಕೊಂಡ. ಆ ಹೊತ್ತೇ ಆಯಿ ಮನೆಯ ಕಾನೂನು ಹೇಳಿದಳು:

"ಈ ಮನಿಯಾಗ ಆ ಮಾತು ಕೇಳಬಾರದು. ರೊಟ್ಟಿ ಬೇಕಂದ್ರ ರೊಟ್ಟಿ ಅನ್ನಲಿ. ನೀರ ಬೇಕಂದ್ರ ನೀರ ಅನ್ನಲಿ. ಇಲ್ಲಂದ್ರ ಸುಮ್ಮನ ಕುಂದ್ರಲಿ. ನೀಲವ್ವ, ನೀ ಕಲಸು."

ಹೇಳಿದಂತೆ ನಡೆಸಿದಳು ಕೂಡ. ನಾವೆಲ್ಲ ಉಣ್ಣಲು ಕುಳಿತರೆ ಅವನು ಗ್ವಾದಲಿಯ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ. ಬಾಟಿ ಎಂದರೆ ಆಯಿ ಕೇಳಿಸದವಳಂತೆ ಹಿಂಡಿಪಲ್ಯ ಕಲಸಿಕೊಳ್ಳುತ್ತಿದ್ದಳು. ಅವ್ವ ಒಮ್ಮೆ ತನ್ನ ತಾಟನ್ನು ಅವನ ಮುಂದೆ ಸರಿಸಿದಾಗ ಆಯಿ ತಾಟು ಎತ್ತಿ ನಾಯಿಗೆ ಹಾಕಿದಳು. ಅಪ್ಪ ತಲೆ ಎತ್ತಲಿಲ್ಲ. ಆಮೇಲೆ ನಾನು ಲಂಗದಲ್ಲಿ ರೊಟ್ಟಿ ಮುಚ್ಚಿಟ್ಟುಕೊಂಡು ಹೋಗಿ ದನಗಳ ಮರೆಯಲ್ಲಿ ಕೊಡುತ್ತಿದ್ದೆ. ಅವನು ತಿನ್ನುತ್ತ ನನ್ನ ಮುಖ ನೋಡುತ್ತಿದ್ದ. ಆ ನೋಟ ನನಗೆ ಸೇರುತ್ತಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಆ ಮನೆಯಲ್ಲಿ ನನ್ನನ್ನು ಹಾಗೆ ನೋಡಿದವರು ಬೇರೆ ಯಾರೂ ಇರಲಿಲ್ಲ.

ಇನ್ನು ಶಾಲೆಯ ಸಂಗತಿ. ಆ ವರ್ಷ ನನ್ನನ್ನು ಶಾಲೆ ಬಿಡಿಸುವುದೆಂದು ಆಯಿ ಆಗಲೇ ಗೊತ್ತುಮಾಡಿದ್ದಳು. ಅವ್ವನಿಗೆ ಏಳಲಾಗದು, ಬೀಸುವುದು ತೊಳೆಯುವುದು ಯಾರು ಮಾಡಬೇಕು. ನನಗೋ ಶಾಲೆ ಎಂದರೆ ಪ್ರಾಣ. ಓದಿನ ಮೇಲಿನ ಪ್ರೀತಿ ಎಂದು ದೊಡ್ಡ ಮಾತು ಆಡಲಾರೆ. ಅಲ್ಲಿ ಆಯಿ ಇರಲಿಲ್ಲ, ಅಷ್ಟೇ ಸಾಕಿತ್ತು. ಅಕ್ಷರ ಕೂಡಿಸಿ ಓದಿದಾಗ ಅದು ಒಂದು ಮಾತಾಗುವುದು ಕೂಡ ನನಗೆ ಮೋಜೆನಿಸುತ್ತಿತ್ತು. ಅಪ್ಪ ತಮ್ಮನನ್ನು ಹೆಸರು ಹಚ್ಚಲು ಒಯ್ದಾಗ ಹೆಡ್‌ಮಾಸ್ತರರು ಒಂದು ಮಾತು ಹೇಳಿದರು. ತಾಂಡಾದ ಹುಡುಗರು ಆಗ ನಮ್ಮ ಶಾಲೆಗೆ ಬರುತ್ತಿರಲಿಲ್ಲ, ಆ ಮಾತು ತಿಳಿದ ಮಾಸ್ತರರು ಯಾರೂ ಇರಲಿಲ್ಲ. ಅಕ್ಕ ಜೊತೆಗೆ ಕೂತರೆ ಮಾತ್ರ ಇವನನ್ನು ಸೇರಿಸಿಕೊಳ್ಳುತ್ತೇವೆ ಎಂದರು. ಮನೆಗೆ ಗಂಡುಮಗನ ಓದು ಬೇಕಿತ್ತು. ಹೀಗೆ ನನ್ನ ಶಾಲೆ ಉಳಿಯಿತು. ನಾಲ್ಕನೆಯ ಇಯತ್ತೆಯ ಹುಡುಗಿ ಒಂದನೆಯ ಇಯತ್ತೆಯವರ ಸಾಲಿನಲ್ಲಿ ತಮ್ಮನ ಪಕ್ಕ ಕುಳಿತೆ, ನನ್ನ ಪಾಠವನ್ನು ಅದೇ ಕೋಣೆಯ ಆಚೆ ಬದಿಯಿಂದ ಕಿವಿಗೊಟ್ಟು ಕೇಳಿಕೊಂಡೆ.

ಸ್ವಲ್ಪ ದಿನಕ್ಕೇ ಒಂದು ಮಧ್ಯಾಹ್ನ ಅವನು ಶಾಲೆಯಿಂದ ಬಂದವನೇ ಆಯಿಯ ಮುಂದೆ ನಿಂತು ನೀರು ಎಂದ. ಸ್ಪಷ್ಟವಾಗಿ ಎಂದ. ನಾನು ಹೇಳಿಕೊಟ್ಟಿರಲಿಲ್ಲ, ಹುಡುಗರಿಂದ ಕೇಳಿ ಎತ್ತಿಕೊಂಡಿದ್ದ. ಆಯಿ ತಾನೇ ಎದ್ದು ತಂಬಿಗೆ ತುಂಬಿ ಕೊಟ್ಟಳು, ಅವನ ತಲೆ ಸವರಿದಳು, ಅಪ್ಪ ಬಂದ ಮೇಲೆ ಹೇಳಿ ನಕ್ಕಳು. ನಾನು ಅಡಿಗೆಮನೆಯಲ್ಲಿ ಕಾಳು ಆರಿಸುತ್ತಿದ್ದೆ. ಅವಳು ನಗುತ್ತಲೇ ಅಪ್ಪನಿಗೆ ಹೇಳಿದ ಮುಂದಿನ ಮಾತು ನನ್ನ ಕಿವಿಗೆ ಬಿತ್ತು:

"ಮಳಿಗಾಲ ಮುಗಿಯೂದ್ರಾಗ ಕಲೀತಾನ ನೋಡು. ಆಮ್ಯಾಲ ಈ ಹುಡುಗಿ ಸಾಲಿಗೆ ಯಾಕ? ಮನ್ಯಾಗಿರಲಿ."

ಮರುದಿನ ಶಾಲೆಗೆ ಹೋಗುವಾಗ ಹಳ್ಳದ ದಂಡೆಯಲ್ಲಿ ಅವನು ದಿನಾ ಕೇಳುವುದನ್ನೇ ಕೇಳಿದ. ಯಾಡಿ ಯಾವಾಗ ಬರುತ್ತಾಳೆ? ನಾನು ನಿಂತು, ಅವನ ಭುಜ ಹಿಡಿದು, ಅವನ ಮಾತಿನಲ್ಲೇ ಹೇಳಿದೆ. ನೀನು ಈ ಮನೆಯವರ ಮಾತು ಆಡಿದರೆ ಯಾಡಿ ಬರುವುದಿಲ್ಲ. ನಿನ್ನೆ ಒಂದು ಮಾತು ಆಡಿದೆಯಲ್ಲ, ಅದು ಅವಳಿಗೆ ಗೊತ್ತಾಗಿದೆ. ಇನ್ನಷ್ಟು ಆಡಿದರೆ ನಿನ್ನನ್ನು ಪೂರ್ತಿ ಮರೆತುಬಿಡುತ್ತಾಳೆ, ಎದುರಿಗೆ ಬಂದರೂ ಯಾರ ಮಗ ಎಂದು ಕೇಳುತ್ತಾಳೆ. ಅವನು ನಂಬಲೋ ಬೇಡವೋ ಎಂದು ನೋಡಲಿಲ್ಲ. ಕೂಡಲೇ ನಂಬಿದ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಹಾಗೇ ನಡೆದು ಶಾಲೆಗೆ ಬಂದ.

ಅದು ಸುಳ್ಳೆಂದು ತಿಳಿದುಬಿಡುತ್ತದೆ ಎಂದು ನಾನು ಹೆದರಿದ್ದೆ. ಆದದ್ದೇ ಬೇರೆ. ಗಜೇಂದ್ರಗಡದ ಸಂತೆಗೆ ಹೊರಟ ಚಾಂದಿಬಾಯಿ ಒಂದು ದಿನ ದಾರಿ ಬಿಟ್ಟು ಬಂದು ಶಾಲೆಯ ಗೋಡೆಯ ಆಚೆ ನಿಂತಳು. ಅವನು ಓಡಿಹೋಗಿ ಅವಳ ಸೊಂಟ ಹಿಡಿದುಕೊಂಡ. ಅವಳು ಅಳುತ್ತ ಅವನ ಬಾಯಿಗೆ ಬೆಲ್ಲ ಹಾಕಿದಳು. ಅವಳು ಹೋದ ಮೇಲೆ ಅವನು ನನ್ನ ಬಳಿ ಬಂದು ಹೆಮ್ಮೆಯಿಂದ ಹೇಳಿದ: ನಾನು ಒಂದು ಮಾತೂ ಆಡಲಿಲ್ಲ ನೋಡು, ಅದಕ್ಕೇ ಬಂದಳು. ನನ್ನ ಸುಳ್ಳಿಗೆ ಅವಳೇ ಬಂದು ಸಾಕ್ಷಿ ಹೇಳಿ ಹೋದಂತಾಯಿತು. ಅಂದಿನಿಂದ ಅವನ ಬಾಯಿಗೆ ಬೀಗ ಬಿತ್ತು, ನಮ್ಮ ಮಾತಿಗೆ ಕಿವಿಯನ್ನೂ ಮುಚ್ಚಿಕೊಂಡ. ಆಯಿ ಉಪವಾಸ ಕೆಡವಿದಳು, ಅಪ್ಪ ಬಾರಕೋಲು ಎತ್ತಿದ. ಕನ್ನಡದ ಒಂದು ಮಾತು ಹೊರಗೆ ಬರಲಿಲ್ಲ. ಅವನು ಹೊಡೆತ ತಿನ್ನುವಾಗ ನನ್ನ ಕಡೆ ನೋಡುತ್ತಿದ್ದ, ಸರಿಯಾಗಿ ಮಾಡುತ್ತಿದ್ದೇನಲ್ಲ ಎಂಬಂತೆ.

ಶಾಲೆಯಲ್ಲಿ ನಾನು ಇನ್ನೂ ಕೆಟ್ಟವಳಾದೆ. ಹೆಡ್‌ಮಾಸ್ತರರು ದಿನಾ ನಮ್ಮ ಸಾಲಿನ ಮುಂದೆ ನಿಂತು ಕೇಳುತ್ತಿದ್ದರು:

"ಏನವಾ ದುಭಾಷಿ, ಏನಂತಾರ ನಿಮ್ಮ ಸಾಹೇಬರು ಇವತ್ತು?"

ಹುಡುಗರೆಲ್ಲ ನಗುತ್ತಿದ್ದರು. ಅವರು ನಗುವುದಕ್ಕೆ ನಾನೇ ಇನ್ನಷ್ಟು ಒದಗಿಸಿಕೊಟ್ಟೆ. ಮಾಸ್ತರರು ನಿಮ್ಮ ಮನೆಯಲ್ಲಿ ಎತ್ತು ಎಷ್ಟು ಎಂದು ಕೇಳಿದರೆ ನಾನು ಅವನಿಗೆ ತಿರುಗಿಸಿ ಹೇಳುತ್ತಿದ್ದೆ. ಅವನು ನನ್ನ ಕಿವಿಯಲ್ಲಿ ಸರಿಯಾಗಿ, ಯಾವ ಎತ್ತಿನ ಬಣ್ಣ ಯಾವುದು ಎಂಬುದನ್ನೂ ಸೇರಿಸಿ ಹೇಳುತ್ತಿದ್ದ. ನಾನು ಎದ್ದು ನಿಂತು, ಗೊತ್ತಿಲ್ಲ ಅಂತಾನ್ರಿ ಎನ್ನುತ್ತಿದ್ದೆ. ಒಮ್ಮೊಮ್ಮೆ, ಅಪ್ಪನ ಹೆಸರ ಮರತೀನಿ ಅಂತಾನ್ರಿ ಎನ್ನುತ್ತಿದ್ದೆ. ಕೋಣೆ ತುಂಬ ನಗು. ಯಾಕೆ ನಗುತ್ತಾರೆ ಎಂದು ತಿಳಿಯದೆ ಅವನೂ ನಗುತ್ತಿದ್ದ. ದಡ್ಡ ಎಂದು ಹೆಸರು ಬಿತ್ತು. ದಡ್ಡನಿಗೆ ಅಕ್ಕ ಬೇಕೇ ಬೇಕು ಎಂದು ನಾನು ಎರಡನೆಯ ವರ್ಷವೂ ನಾಲ್ಕನೆಯ ಇಯತ್ತೆಯಲ್ಲೇ ಉಳಿದು ಅದೇ ಸಾಲಿನಲ್ಲಿ ಕುಳಿತೆ.

ಆ ಎರಡನೆಯ ವರ್ಷ ನರಗುಂದದ ಕಡೆಯ ಒಬ್ಬ ಅಕ್ಕೋರು ನಮ್ಮ ಶಾಲೆಗೆ ಬಂದರು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಎನ್ನುತ್ತಾರೆ. ವಯಸ್ಸು ಚಿಕ್ಕದು, ಧ್ವನಿ ಸಣ್ಣದು, ಕೈಯಲ್ಲಿ ಬೆತ್ತ ಇರಲಿಲ್ಲ. ಒಂದೆರಡು ದಿನ ನಮ್ಮಿಬ್ಬರನ್ನು ನೋಡಿದರು. ಆಮೇಲೆ ನನ್ನನ್ನು ಕರೆದು ಮೆಲ್ಲಗೆ ಹೇಳಿದರು:

"ನೀಲವ್ವ, ಇನ್ನ ಅವನ ಬದಲಿ ನೀ ಮಾತಾಡಬ್ಯಾಡ. ಅವಂಗ ಏನ ಬರತೈತಿ ಅದರಿಂದನ ಸುರು ಮಾಡೂಣು. ನೀ ನಿನ್ನ ಇಯತ್ತೆದಾಗ ಕೂತು ನಿನ್ನ ಓದ ಓದು."

ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು ಅದು. ನಾನು ಅವನ ಪಕ್ಕದಲ್ಲಿ ಕೂಡದಿದ್ದರೆ ನನಗೆ ಶಾಲೆಯೇ ಇಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಬಹುದಿತ್ತು. ಹೇಳಿದ್ದರೆ ಅವರು ಅಪ್ಪನೊಡನೆ ಮಾತಾಡುತ್ತಿದ್ದರೇನೋ. ನಾನು ತಲೆ ಬಗ್ಗಿಸಿ ಆಚೆ ಬದಿಗೆ ಹೋಗಿ ಕುಳಿತೆ, ಅಲ್ಲಿಂದ ಅವರಿಬ್ಬರನ್ನೇ ನೋಡಿದೆ. ಅಕ್ಕೋರು ನೆಲದ ಮೇಲೆ ಅವನೆದುರು ಕೂಡುತ್ತಿದ್ದರು. ತಂಬಿಗೆ ತೋರಿಸಿ, ಅದರಲ್ಲಿ ಕೈ ಅದ್ದಿ, ಹುಬ್ಬು ಎತ್ತಿ ಇದೇನು ಎಂದು ಕೇಳುತ್ತಿದ್ದರು. ಅವನು ಪಾಣಿ ಎನ್ನುತ್ತಿದ್ದ. ಅವರು ಅದನ್ನು ಹಾಗೇ ಕನ್ನಡದ ಅಕ್ಷರಗಳಲ್ಲಿ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು, ಅವನ ಬೆರಳು ಹಿಡಿದು ತೀಡಿಸುತ್ತಿದ್ದರು. ತಾವೂ ಪಾಣಿ ಎನ್ನುತ್ತಿದ್ದರು, ತಪ್ಪಾಗಿ ಎನ್ನುತ್ತಿದ್ದರು, ಅವನು ತಿದ್ದುತ್ತಿದ್ದ. ನಾನು ಹಾಕಿದ ಬೀಗಕ್ಕೆ ಇದು ತಗಲುತ್ತಿರಲಿಲ್ಲ. ಅವನು ಆಡುತ್ತಿದ್ದದ್ದು ತನ್ನ ಮಾತನ್ನೇ. ಒಂದು ವರ್ಷ ಒಂದಕ್ಷರವನ್ನೂ ಕಲಿಯದವನು ಪಾಣಿ, ಬಾಟಿ, ಯಾಡಿ ಎಂದು ಓದತೊಡಗಿದ. ಪಾ ಗೊತ್ತಾದ ಮೇಲೆ ಗೋಡೆಯ ಮೇಲಿನ ಪಾಠಶಾಲೆ ಎಂಬ ಹೆಸರಿನಲ್ಲಿ ಅದೇ ಅಕ್ಷರ ಇದ್ದದ್ದನ್ನು ತಾನೇ ಕಂಡುಹಿಡಿದು ಬೆರಳಿಟ್ಟು ತೋರಿಸಿದ. ಅಕ್ಕೋರು ಅವನನ್ನು ತಬ್ಬಿಕೊಂಡರು. ಅಂದು ಮನೆಗೆ ಬರುವಾಗ ಅವನು ನನ್ನ ಕೈ ಹಿಡಿಯಲಿಲ್ಲ. ಮುಂದೆ ಮುಂದೆ ಓಡಿದ.

ಅದೇ ವಾರ ಅವನು ಒಲೆಯ ಇದ್ದಲಿಯಿಂದ, ಆಯಿ ಹೊಸದಾಗಿ ಸುಣ್ಣ ಬಳಿಸಿದ್ದ ದೇವರ ಜಗಲಿಯ ಪಕ್ಕದ ಗೋಡೆಯ ಮೇಲೆ ದೊಡ್ಡದಾಗಿ ಬರೆದ. ಆಯಿಗೆ ಓದು ಬಾರದು, ಅಪ್ಪನಿಗೆ ತನ್ನ ಸಹಿ ಬಿಟ್ಟು ಬೇರೆ ಬಾರದು, ಅವ್ವನಿಗೆ ಏನೂ ಬಾರದು. ಗೋಡೆ ಕೆಡಿಸಿದ್ದಕ್ಕೆ ಆಯಿ ಬೈಯುತ್ತಾಳೆಂದುಕೊಂಡೆ. ಅವಳ ಮುಖ ಅರಳಿತು. ಮಗ ಅಕ್ಷರ ಬರೆದ ಎಂದು ಅಪ್ಪನನ್ನು ಕೊಟ್ಟಿಗೆಯಿಂದ ಕರೆದಳು. ಅವ್ವನನ್ನು ಹಾಸಿಗೆಯಿಂದ ಎಬ್ಬಿಸಿ, ತಾನೇ ತೋಳು ಹಿಡಿದು ಕರೆತಂದು ಗೋಡೆಯ ಮುಂದೆ ನಿಲ್ಲಿಸಿದಳು. ಅವರಿಬ್ಬರೂ ಹಾಗೆ ಒಬ್ಬರನ್ನೊಬ್ಬರು ಹಿಡಿದು ನಿಂತದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ತಮ್ಮ ಇದ್ದಲಿ ಹಿಡಿದುಕೊಂಡೇ ಎಲ್ಲರ ಮುಖ ನೋಡುತ್ತಿದ್ದ.

"ಓದ ನೋಡೂಣು ನೀಲವ್ವ. ಏನ ಬರದಾನ ನಮ್ಮ ಹುಡುಗ? ದೇವರ ಹೆಸರೇನ?"

ಆಯಿ ಕೇಳಿದ್ದು ಇಷ್ಟು. ಅವ್ವ ಅಂತ ಬರದಾನ ಎಂದಿದ್ದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಅವ್ವ ಸಾಯುವತನಕ ಆ ಗೋಡೆಯನ್ನು ನೋಡಿಕೊಂಡು ಇರುತ್ತಿದ್ದಳು. ಯೋಚಿಸಲು ನನಗೆ ಹೊತ್ತಿರಲಿಲ್ಲ ಎಂದೂ ಹೇಳಲಾರೆ. ನಾನು ಯೋಚಿಸಿದೆ. ಇವನು ಹೀಗೆ ಕಲಿಯುತ್ತ ಹೋದರೆ ಬರುವ ವರ್ಷ ನಾನು ಬೀಸುವ ಕಲ್ಲಿನ ಮುಂದೆ ಕೂತಿರುತ್ತೇನೆ ಎಂದು ಯೋಚಿಸಿದೆ. ಅವನು ನನ್ನ ಕೈ ಬಿಟ್ಟು ಓಡಿದ್ದನ್ನೂ ಯೋಚಿಸಿದೆ. ಆಮೇಲೆ ಹೇಳಿದೆ:

"ಯಾಡಿ ಅಂತ ಬರದಾನ. ತಾಂಡಾದಾಕಿ ಹೆಸರು. ಅಕ್ಕೋರು ಸಾಲ್ಯಾಗ ತಾಂಡಾದ ಮಾತ ಕಲಸಾಕತ್ತಾರ."

ಅವ್ವ ಆಯಿಯ ಕೈಯಿಂದ ತನ್ನ ತೋಳು ಬಿಡಿಸಿಕೊಂಡು, ಗೋಡೆ ಹಿಡಿದುಕೊಂಡು ಒಬ್ಬಳೇ ಕೋಣೆಗೆ ಹೋದಳು. ಅಪ್ಪ ತಮ್ಮನನ್ನು ಅಲ್ಲಿಯೇ, ಜಗಲಿಯ ಮುಂದೆಯೇ ಹೊಡೆದ. ಬರೆದ ಕೈಗೆ ಹೊಡೆದ. ಆಯಿ ಸೆಗಣಿ ಕಲಸಿ ಗೋಡೆಗೆ ರಪರಪನೆ ಮೆತ್ತಿದಳು. ಅವಳು ಅಷ್ಟು ಸಿಟ್ಟಾದದ್ದು ಹುಡುಗನ ಮೇಲೋ, ತಾನು ಒಂದು ಗಳಿಗೆ ಹಿಗ್ಗಿದ್ದಕ್ಕೋ ಈಗಲೂ ನನಗೆ ತಿಳಿಯದು.

ಮರುದಿನ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಶಾಲೆಗೆ ಬಂದ. ಎಲ್ಲ ಇಯತ್ತೆಯ ಹುಡುಗರ ಎದುರಿಗೇ ಮಾತು ತೆಗೆದ:

"ನಮ್ಮ ಮನಿ ಮಗನ್ನ ತಾಂಡಾದಾಂವನ್ನ ಮಾಡಾಕ ಸರಕಾರ ನಿಮಗ ಪಗಾರ ಕೊಡತೈತೇನ್ರಿ?"

"ಹಂಗಲ್ರಿ ಯಜಮಾನ್ರ. ಗೊತ್ತಿದ್ದ ಮಾತಿನ ಮ್ಯಾಲ ಅಕ್ಷರ ಲಗೂ ಕೂಡತಾವ. ಇನ್ನ ಸ್ವಲ್ಪ ದಿನ ಬಿಡ್ರಿ, ಕನ್ನಡನೂ ಓದತಾನ, ಮಾತೂ ಆಡತಾನ. ನನ್ನ ಮಾತು ಬ್ಯಾಡ, ನಿಮ್ಮ ಮಗಳನ್ನ ಕೇಳ್ರಿ ಎಷ್ಟ ಕಲತಾನಂತ."

ಅಕ್ಕೋರು ನನ್ನ ಕಡೆ ತಿರುಗಿದರು. ಅವರಿಗೆ ನನ್ನ ಮೇಲೆ ಅನುಮಾನವೇ ಇರಲಿಲ್ಲ. ಅಪ್ಪನೂ ತಿರುಗಿದ. ಮುಖದಲ್ಲಿ ಸಿಟ್ಟಿದ್ದರೂ ಅವನು ನಿಜವಾಗಿಯೂ ಕೇಳುತ್ತಿದ್ದ, ಉತ್ತರಕ್ಕಾಗಿ ಕಾಯುತ್ತಿದ್ದ. ನಾನು ಹೌದು ಎಂದಿದ್ದರೆ ಅವನು ಒಂದು ಅವಕಾಶ ಕೊಡುತ್ತಿದ್ದ ಎಂದು ನನಗೆ ಆಗಲೂ ಅನಿಸಿತು.

"ಏನೂ ಕಲತಿಲ್ಲಪ್ಪ," ಎಂದೆ.

ಅಕ್ಕೋರು ನನ್ನನ್ನೇ ನೋಡುತ್ತ ನಿಂತರು. ಅಪ್ಪ ತಮ್ಮನ ತೋಳು ಹಿಡಿದು ಎಳೆದ.

"ಎತ್ತಿಗೆ ಹೋ ಅಂದ್ರ ಸಾಕು. ಅಷ್ಟಕ್ಕ ಸಾಲಿ ಬ್ಯಾಡ."

ತಮ್ಮನನ್ನು ಬಿಡಿಸಿದರೂ ನಾನು ಉಳಿಯುತ್ತೇನೆ ಎಂದು ಯಾವ ಲೆಕ್ಕದಲ್ಲಿ ನಂಬಿದ್ದೆನೋ. ಸಂಜೆ ನಾನು ಪಾಟಿಚೀಲ ಮೊಳೆಗೆ ಸಿಗಿಸುತ್ತಿದ್ದಾಗ ಆಯಿ ಬೆಳಕಿಂಡಿಯ ಕೆಳಗಿನಿಂದ, ತಲೆಯನ್ನೂ ಎತ್ತದೆ ಹೇಳಿದಳು:

"ಅವಗ ಹೇಳಾಕ ಹೊಂಟಿದ್ದಿ. ಅವನ ಇಲ್ಲಂದಮ್ಯಾಲ ನಿನಗೇನ ಕೆಲಸ ಅಲ್ಲಿ? ಬೀಸಾಕ ಕುಂದ್ರು."

ಬೀಸುವ ಕಲ್ಲಿನ ಹತ್ತಿರ ತಮ್ಮ ಬಂದು ಕುಳಿತ. ಕೈ ಬಾತಿತ್ತು. ಗೋಡೆಯ ಮುಂದೆಯೂ ಶಾಲೆಯಲ್ಲಿಯೂ ನಡೆದದ್ದೆಲ್ಲ ಕನ್ನಡದಲ್ಲಿ, ಜೋರಾಗಿ, ಅವಸರದಲ್ಲಿ ನಡೆದಿತ್ತು. ಅವನಿಗೆ ಏನೂ ತಿಳಿದಿರಲಿಲ್ಲ. ಅಪ್ಪ ಯಾಕೆ ಹೊಡೆದ, ಅವನಿಗೆ ಯಾರು ಏನು ಹೇಳಿದರು ಎಂದು ತನ್ನ ಮಾತಿನಲ್ಲಿ ಕೇಳಿದ. ಅಕ್ಕೋರು ಹೇಳಿದರು ಎಂದೆ. ನಿನಗೆ ತಲೆ ಇಲ್ಲ ಎಂದು ಅಪ್ಪನಿಗೆ ಹೇಳಿಕಳಿಸಿದ್ದರು, ಅದಕ್ಕೆ ಹೊಡೆದ ಎಂದೆ. ನನ್ನ ಹತ್ತಿರ ಅವನು ತನ್ನ ಮಾತಿನಲ್ಲಿ ಆಡಿದ್ದು ಅದೇ ಕಡೆಯ ಸಲ ಇರಬೇಕು. ಆಮೇಲೆ ಆಡಿದ ನೆನಪಿಲ್ಲ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಅವನು ಎತ್ತುಗಳ ಹಿಂದೆ ಹೋದ. ಕನ್ನಡವನ್ನು ಅವನಿಗೆ ಕಲಿಸಿದವರು ಆಳುಗಳು, ಬೈಗುಳದಿಂದ ಶುರುಮಾಡಿ. ಅಕ್ಕೋರಿಗೆ ಬೇರೆ ಊರಿಗೆ ವರ್ಗವಾಯಿತು. ಅವ್ವ ಅವನ ಬಾಯಿಂದ ಅವ್ವ ಎಂಬ ಮಾತನ್ನು ಕೇಳಿದ್ದಳೋ ಇಲ್ಲವೋ, ನಾನಂತೂ ಕೇಳಲಿಲ್ಲ. ಅವಳು ಬೇಗ ಹೋದಳು. ನನ್ನನ್ನು ಗಜೇಂದ್ರಗಡಕ್ಕೆ ಕೊಟ್ಟರು. ತಮ್ಮನಿಗೆ ಹೊಲ ಇದೆ, ಗಂಗವ್ವ ಎಂಬ ಒಳ್ಳೆಯ ಹೆಂಡತಿ ಇದ್ದಾಳೆ, ಹಸಿವಿಗೇನೂ ಕೊರತೆ ಇಲ್ಲ. ಆದರೆ ರೋಣದ ಬಸ್ ನಿಲ್ದಾಣದಲ್ಲಿ ಅವನು ಬಸ್ಸಿನ ಮುಂದೆ ನಿಂತು, ಬೋರ್ಡಿನ ಕಡೆ ಒಮ್ಮೆ ನೋಡಿ, ಪಕ್ಕದವರನ್ನು ಕೇಳಲು ಬಾಯಿ ತೆರೆದು, ಕೇಳದೆ, ಬಸ್ಸು ಹೋಗಲು ಬಿಟ್ಟದ್ದನ್ನು ನಾನು ದೂರದಿಂದ ನೋಡಿದ್ದೇನೆ. ಚಾಂದಿಬಾಯಿ ತೀರಿಕೊಂಡಾಗ ತಾಂಡಾದವರು ಹೇಳಿಕಳಿಸಿದ್ದರು, ಅವನು ಹೋಗಿದ್ದ. ಅಲ್ಲಿ ಹೆಂಗಸರು ಅಳುತ್ತ ಆಡುವ ಮಾತು ಅವನಿಗೆ ಅರ್ಥವಾಗುತ್ತಿರಲಿಲ್ಲವಂತೆ. ಗಂಗವ್ವ ನಗುತ್ತ ಹೇಳಿದಳು, ಅವಳಿಗೆ ಅದು ನಗುವ ಸಂಗತಿ.

ಗಂಡ ಹೋದ ಮೇಲೆ ನಾನು ಗಜೇಂದ್ರಗಡದ ಒಂದು ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಕೆಲಸಕ್ಕೆ ಸೇರಿದೆ. ಈ ವರ್ಷ ಅಲ್ಲಿಗೆ ತಾಂಡಾದಿಂದ ಒಂದು ಚಿಕ್ಕ ಹುಡುಗಿ ಬಂದಳು. ತಂದೆ ತಾಯಿ ಕೆಲಸಕ್ಕೆ ಗೋವೆಗೆ ಹೋಗಿದ್ದಾರೆ, ಅಜ್ಜಿಯ ಹತ್ತಿರ ಇದ್ದಾಳೆ, ಕನ್ನಡ ಬಾರದು. ಅಲ್ಲಿನ ಟೀಚರು ಅವಳ ಮಾತನ್ನೇ ಕೇಳಿ ಕೇಳಿ ಚಿತ್ರ ಬಿಡಿಸಿ ಗೋಡೆಗೆ ಹಚ್ಚುತ್ತಿದ್ದರು. ಈಗ ಹಾಗೆ ಕಲಿಸುವವರನ್ನು ಯಾರೂ ಬೈಯುವುದಿಲ್ಲ. ಒಂದು ದಿನ ಅಡಿಗೆ ಕೋಣೆಗೆ ಬಂದು, ಇಲ್ಲಿ ಯಾರಿಗಾದರೂ ಲಂಬಾಣಿ ಮಾತು ಬರುತ್ತದೆಯೇ, ಮೊದಲ ಕೆಲವು ದಿನ ಜೊತೆಗೆ ಕೂತರೆ ಉಪಕಾರವಾಗುತ್ತದೆ ಎಂದು ಕೇಳಿದರು. ನನ್ನ ಬಾಯಿ ತಾನಾಗಿ ಹೇಳಿತು:

"ನನಗ ಬರೂದಿಲ್ರಿ."

ಅದೇ ಮಧ್ಯಾಹ್ನ ಆ ಹುಡುಗಿ ತಾಟು ಹಿಡಿದು ನನ್ನ ಮುಂದೆ ನಿಂತು, ಮೆಲ್ಲಗೆ ತನ್ನ ಮಾತಿನಲ್ಲಿ, ಹೊಟ್ಟೆ ನೋಯುತ್ತಿದೆ ಎಂದಳು. ಪೂರ್ತಿ ತಿಳಿಯಿತು. ತಿಳಿಯದವಳಂತೆ ಅವಳ ತಾಟಿಗೆ ಅನ್ನ ಹಾಕಿದೆ. ಅವಳು ಅದನ್ನು ಉಂಡಳು, ದೊಡ್ಡವರು ಹಾಕಿದ್ದನ್ನು ಉಣ್ಣಲೇಬೇಕೆಂದು. ಸ್ವಲ್ಪ ಹೊತ್ತಿಗೆ ಬಾಗಿಲ ಹತ್ತಿರ ವಾಂತಿ ಮಾಡಿಕೊಂಡಳು. ಹುಡುಗರು ಮೂಗು ಮುಚ್ಚಿಕೊಂಡು ನಕ್ಕರು. ನಾನು ನೀರು ತಂದು ನೆಲ ತೊಳೆದೆ, ಅವಳ ಬಾಯಿ ತೊಳೆದೆ. ಟೀಚರ ಹತ್ತಿರ ಹೋಗಿ, ನನಗೆ ಬರುತ್ತದೆ, ನಾಳೆಯಿಂದ ಜೊತೆಗೆ ಕೂಡುತ್ತೇನೆ ಎಂದೆ. ಮೊದಲು ಯಾಕೆ ಇಲ್ಲ ಅಂದಿರಿ ಎಂದು ಅವರು ಕೇಳಿದರು. ಆ ಉತ್ತರವನ್ನು ಮೊದಲು ಬೇರೆ ಒಬ್ಬರಿಗೆ ಹೇಳಬೇಕಿತ್ತು. ಪಾತ್ರೆ ತೊಳೆದಿಟ್ಟು ಊರಿನ ಬಸ್ಸು ಹತ್ತಿದೆ.

ತಮ್ಮ ಮನೆಯ ಮುಂದೆ ಕುಳಿತು ಎತ್ತಿನ ಹಗ್ಗ ಹೊಸೆಯುತ್ತಿದ್ದ. ಗಂಗವ್ವ ಚಹಾ ಇಡಲು ಒಳಗೆ ಹೋದಳು.

"ಯಾಕ ಬಂದಿಬೇ ಅಕ್ಕ, ಹೇಳದ ಕೇಳದ?"

ನಾನು ಕೂಡಲಿಲ್ಲ. ನಿಂತುಕೊಂಡೇ ಹಳ್ಳದ ದಂಡೆಯಿಂದ ಹಿಡಿದು ಬೀಸುವ ಕಲ್ಲಿನವರೆಗೆ ಎಲ್ಲವನ್ನೂ ಹೇಳಿದೆ. ಯಾಡಿ ಮರೆಯುತ್ತಾಳೆ ಎಂದದ್ದು, ಮಾಸ್ತರರಿಗೆ ತಪ್ಪುತಪ್ಪಾಗಿ ಹೇಳಿದ್ದು, ಗೋಡೆಯ ಮೇಲಿನದನ್ನು ಓದಿದ್ದು, ಏನೂ ಕಲಿತಿಲ್ಲ ಎಂದದ್ದು. ಅವನ ಕೈ ಹಗ್ಗದ ಮೇಲೆ ಆಡುತ್ತಲೇ ಇತ್ತು. ಮುಗಿದ ಮೇಲೆ ಹೊಸೆಯುವುದನ್ನು ನಿಲ್ಲಿಸಿ ಒಂದೇ ಒಂದನ್ನು ಕೇಳಿದ:

"ಅಂದ್ರ ಅಕ್ಕೋರು ಹೇಳಿದ್ದಿಲ್ಲ?"

"ಇಲ್ಲ. ಅವರು ನಿನ್ನ ಪರವಾಗಿ ಮಾತಾಡಿದ್ರು. ನೀ ಓದತಿ ಅಂದ್ರು."

ಅವನು ಮಾತು ಹುಡುಕಿಕೊಂಡ. ಅವನಿಗೆ ಈಗಲೂ ಹಾಗೇ, ಒಂದೊಂದನ್ನೂ ಎಲ್ಲಿಂದಲೋ ಎತ್ತಿ ತರಬೇಕು.

"ಅವರು ಊರ ಬಿಟ್ಟ ದಿನ... ಬಸ್ಸಿಗೆ ನಿಂತಿದ್ರು. ನನ್ನ ನೋಡಿ ಕೈಮಾಡಿ ಕರದ್ರು. ನಾ ಕಲ್ಲ ಒಗದ್ನಿ. ಹಣಿಗೆ ಬಡೀತು. ಅವರು ರಗತ ಒರಸಿಕೊಂಡ ಬಸ್ ಹತ್ತಿದ್ರು."

ಇದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವನು ಯಾರಿಗೂ ಹೇಳಿರಲಿಲ್ಲ. ಅವನು ನನ್ನನ್ನು ಬೈಯಲಿಲ್ಲ, ಕೂಡು ಎನ್ನಲೂ ಇಲ್ಲ. ಗಂಗವ್ವ ಚಹಾ ತಂದಿಟ್ಟು ನಮ್ಮಿಬ್ಬರ ಮುಖ ನೋಡಿ ಒಳಗೆ ಹೋದಳು. ಅವನು ಹಗ್ಗ ಎತ್ತಿಕೊಂಡು ಹೊರಡಲು ಎದ್ದ. ಆಗ ಅವನ ಮುಂದೆ ಹೋಗಿ ನಿಂತೆ. ಅವನಿಗಿಂತ ಹಿರಿಯಳು ನಾನು, ನಮ್ಮಲ್ಲಿ ಹಿರಿಯರು ಕಿರಿಯರಿಗೆ ಇಂಥ ಮಾತು ಹೇಳುವುದಿಲ್ಲ. ಅವನ ಎರಡೂ ಕೈ ಹಿಡಿದುಕೊಂಡು, ಒಳಗೆ ಗಂಗವ್ವನಿಗೂ ಕೇಳುವಷ್ಟು ಜೋರಾಗಿ ಹೇಳಿದೆ:

"ತಪ್ಪ ಮಾಡೀನಿ ಅಡಿವೆಪ್ಪ. ನಿನ್ನ ಬಾಯಿ ಕಟ್ಟಿದಾಕಿ ನಾನ, ನಿನ್ನ ಸಾಲಿ ಬಿಡಿಸಿದಾಕಿ ನಾನ. ಆಯಿ ಅಲ್ಲ, ಅಪ್ಪ ಅಲ್ಲ. ಆ ಕಲ್ಲ ನನಗ ಬಡೀಬೇಕಾಗಿತ್ತು. ಕ್ಷಮಾ ಮಾಡಂತ ಕೇಳಾಕತ್ತೀನಿ. ಮಾಡಬೇಕಂತ ಏನಿಲ್ಲ."